ಮಟಾಷ್: ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿ

ಭಾಷಾ ಮೇಷ್ಟ್ರು ಆ ಶಾಲೆಗೆ ಸೇರಿ ಒಂಬತ್ತು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಮಕ್ಕಳು ಅವರನ್ನು ಕೇಳಿದ ಪ್ರಶ್ನೆ ಒಂದೇ: "ಸಾರ್, ಬೆಲ್ ಆಯ್ತಾ?" ಹಾಗಾಗಿ ಶುಕ್ರವಾರ ಮಧ್ಯಾಹ್ನ ಏಳನೇ ತರಗತಿಯ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತು, "ಸಾರ್, ಮಟಾಷ್ ಅಂದ್ರೆ ಏನು?" ಎಂದಾಗ ಅವರಿಗೆ ಹಬ್ಬವಾಯಿತು. ಪಾಠದ ಪುಸ್ತಕವನ್ನು ಮುಚ್ಚಿ, ಕನ್ನಡಕ ಒರೆಸಿಕೊಂಡು, ಮೇಜಿನ ಅಂಚಿಗೆ ಒರಗಿ ನಿಂತರು.

"ಕೆಡೋದು ಬೇರೆ, ಮುರಿಯೋದು ಬೇರೆ, ಸೋಲೋದು ಬೇರೆ. ಕೆಟ್ಟಿದ್ದನ್ನ ರಿಪೇರಿ ಮಾಡಬಹುದು. ಮುರಿದಿದ್ದನ್ನ ಅಂಟಿಸಬಹುದು. ಸೋತೋನು ಮತ್ತೆ ಆಡಬಹುದು. ಮಟಾಷ್ ಹಾಗಲ್ಲ ಮಕ್ಕಳೇ. ಈಗ ಇತ್ತು, ಈಗ ಇಲ್ಲ. ಮಧ್ಯದಲ್ಲಿ ಅಯ್ಯೋ ಅನ್ನೋಕೂ ಪುರುಸೊತ್ತು ಕೊಡದೆ ಪೂರ್ತಿ ಹಾಳಾಗೋದಿದೆಯಲ್ಲ, ಅದಕ್ಕೆ ಮಟಾಷ್ ಅಂತಾರೆ."

ಮಕ್ಕಳು ಬಾಯಿ ತೆರೆದು ಕೇಳಿದರು. ನಾಲ್ಕು ಪದಕ್ಕೊಮ್ಮೆ ನಿಂತು ಉಸಿರೆಳೆದುಕೊಳ್ಳುವ ಅಭ್ಯಾಸದಿಂದಾಗಿ 'ಅಲ್ಪವಿರಾಮ' ಎಂದು ಅಡ್ಡಹೆಸರು ಪಡೆದಿದ್ದ ಮೇಷ್ಟ್ರು ಅಂದು ನಿಲ್ಲದೆ ಮಾತಾಡಿದ್ದೇ ಒಂದು ಸುದ್ದಿ. ಆ ಉತ್ಸಾಹದಲ್ಲೇ ಹೋಂವರ್ಕ್ ಕೊಟ್ಟುಬಿಟ್ಟರು: ಈ ಪದದ ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿ. ಎಡವಟ್ಟಾದದ್ದು ಇಲ್ಲೇ.

ಮಾರನೆಯ ದಿನ ಶನಿವಾರ. ಶಾಲೆಯ ಹೊಸ ಸಭಾಂಗಣದ ಉದ್ಘಾಟನೆ ಹನ್ನೊಂದು ಗಂಟೆಗೆ. ಸಭಾಂಗಣಕ್ಕಿಂತ ಮೇಷ್ಟ್ರಿಗೆ ಮುಖ್ಯವಾದದ್ದು ಇನ್ನೊಂದಿತ್ತು. ಒಂಬತ್ತು ವರ್ಷದಿಂದ ಅವರು ತಾತ್ಕಾಲಿಕ ನೌಕರರು. ಆ ದಿನ ಅದೇ ವೇದಿಕೆಯ ಮೇಲೆ, ಮುಖ್ಯ ಅತಿಥಿಯ ಕೈಯಿಂದ, ಅವರಿಗೆ ಕೆಲಸ ಖಾಯಂ ಆದ ಆದೇಶ ಸಿಗುವುದಿತ್ತು. ಹೆಂಡತಿ ಅವರ ಬಿಳಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿ, "ಇವತ್ತೊಂದು ದಿನ ಯಾರಿಗೂ ವ್ಯಾಕರಣ ತಿದ್ದಬೇಡಿ" ಎಂದು ಹೇಳಿ ಕಳಿಸಿದ್ದಳು.

ಬೆಳಿಗ್ಗೆ ಒಂಬತ್ತೂವರೆಗೆ ಶಿಕ್ಷಕರ ಕೋಣೆಯಲ್ಲಿ ಕೂತು ಮೇಷ್ಟ್ರು ಹೋಂವರ್ಕ್ ತಿದ್ದತೊಡಗಿದರು. ಮಕ್ಕಳು ಪದವನ್ನು ಚೆನ್ನಾಗಿಯೇ ದುಡಿಸಿಕೊಂಡಿದ್ದರು. 'ಬಸ್ಸಿನ ಕಿಟಕಿಯ ಹತ್ತಿರ ಸೀನಿದ್ದರಿಂದ ಅಜ್ಜಿಯ ಹಲ್ಲಿನ ಸೆಟ್ಟು ಮಟಾಷ್ ಆಯಿತು' ಎಂದು ಒಬ್ಬಳು ಬರೆದಿದ್ದಳು. ಇನ್ನೊಬ್ಬ, 'ಮಾವ ವ್ಯಾಪಾರ ಶುರು ಮಾಡಿದರು. ಮಟಾಷ್. ಮತ್ತೆ ಶುರು ಮಾಡಿದರು. ಮತ್ತೆ ಮಟಾಷ್. ಈಗ ನಮ್ಮ ಮನೆಯಲ್ಲಿದ್ದಾರೆ' ಎಂದು ಒಂದು ಕಾದಂಬರಿಯನ್ನೇ ಮುಗಿಸಿದ್ದ. ಪೂರ್ಣವಿರಾಮಗಳನ್ನು ಇಟ್ಟ ಜಾಗ ನೋಡಿ ಮೇಷ್ಟ್ರಿಗೆ ಹೆಮ್ಮೆಯಾಯಿತು.

ಹನ್ನೊಂದನೇ ಪುಸ್ತಕ ಆ ಮೂರನೇ ಬೆಂಚಿನ ಹುಡುಗಿಯದು. 'ನಮ್ಮ ಶಾಲೆಯ ಹೊಸ ಸಬಾಂಗಣದ ಚಾವಣಿ ಮಟಾಷ್ ಆಗುತ್ತದೆ ಎಂದು ಅಪ್ಪ ಅಮ್ಮನಿಗೆ ಹೇಳಿದರು.'

ಮೇಷ್ಟ್ರು ಮೊದಲು ಸಬಾಂಗಣವನ್ನು ಸಭಾಂಗಣ ಮಾಡಿದರು. ಕೆಳಗೆ 'ಉತ್ತಮ ವಾಕ್ಯ' ಎಂದು ಬರೆದು ಸರಿ ಗುರುತು ಹಾಕಿದರು. ಗುರುತಿನ ಬಾಲವನ್ನು ಮೇಲಕ್ಕೆ ಎಳೆಯುತ್ತಿದ್ದ ಕೈ ಅಲ್ಲೇ ನಿಂತಿತು.

ಹುಡುಗಿಯ ಅಪ್ಪ ಬೇರಾರೂ ಅಲ್ಲ. ಆ ಸಭಾಂಗಣ ಕಟ್ಟಿದ ಗುತ್ತಿಗೆದಾರ.

ಮೇಷ್ಟ್ರು ವಾಕ್ಯವನ್ನು ಇನ್ನೂ ನಾಲ್ಕು ಸಲ ಓದಿದರು. ಅವರ ತಲೆ ತಿಂದದ್ದು ಕ್ರಿಯಾಪದ. ಆಗುತ್ತದೆ ಎಂದರೆ ಯಾವಾಗ? ಸೂರ್ಯ ಮುಳುಗುತ್ತಾನೆ ಎಂದರೆ ದಿನಾ ಮುಳುಗುತ್ತಾನೆ. ಅತ್ತೆ ಬರುತ್ತಾರೆ ಎಂದರೆ ನಾಳೆ ಬರುತ್ತಾರೆ. ಹಾಲು ಉಕ್ಕುತ್ತದೆ ಎಂದರೆ ಈಗಲೇ ಓಡಬೇಕು. ವರ್ತಮಾನಕ್ಕೂ ಭವಿಷ್ಯಕ್ಕೂ ನಮ್ಮ ಭಾಷೆಯಲ್ಲಿ ನಡುವೆ ಗೋಡೆಯಿಲ್ಲ, ಅದೇ ಅದರ ಚೆಲುವು ಎಂದು ಒಂಬತ್ತು ವರ್ಷ ಪಾಠ ಹೇಳಿದ್ದರು. ಈ ಬೆಳಿಗ್ಗೆ ಒಂದು ಸಣ್ಣ ಗೋಡೆಯಾದರೂ ಇದ್ದಿದ್ದರೆ ಎನ್ನಿಸಿತು.

ಪಕ್ಕದಲ್ಲಿ ಲೆಕ್ಕದ ಮೇಷ್ಟ್ರು ಬಿಸ್ಕತ್ತು ಅದ್ದುತ್ತಾ ಕೂತಿದ್ದರು. ಭಾಷಾ ಮೇಷ್ಟ್ರು ಪುಸ್ತಕವನ್ನು ಅವರ ಮುಂದೆ ಹಿಡಿದರು.

"ಇದನ್ನ ಓದಿ. ಚಾವಣಿ ಬೀಳೋದು ಇವತ್ತಾ, ಮುಂದೆ ಯಾವತ್ತಾದ್ರೂನಾ?"

ಲೆಕ್ಕದ ಮೇಷ್ಟ್ರು ಓದಿದರು. ಬಿಸ್ಕತ್ತು ಚಹಾದೊಳಗೆ ಕಳಚಿ ಬಿತ್ತು. "ನೋಡಿ, ಎಲ್ಲ ಚಾವಣಿನೂ ಒಂದಲ್ಲ ಒಂದಿನ ಬೀಳಲೇಬೇಕು. ಇವತ್ತೇ ಬೀಳುತ್ತೆ ಅನ್ನೋ ಸಂಭವ ಬಹಳ ಕಮ್ಮಿ."

"ಅಂದ್ರೆ ಒಳಗೆ ಹೋಗಬಹುದು?"

"ನೀವು ಹೋಗಿ. ನಂಗೆ ಬಾಗಿಲ ಹತ್ರ ಒಂದು ಕುರ್ಚಿ ಹಾಕಿಸಿ."

ಲೆಕ್ಕದ ಮೇಷ್ಟ್ರ ಹೊಟ್ಟೆಯಲ್ಲಿ ಮಾತು ನಿಲ್ಲುವುದು ಸೋರುವ ಕೊಡದಲ್ಲಿ ನೀರು ನಿಂತ ಹಾಗೆ. ಐದು ನಿಮಿಷದಲ್ಲಿ ಡ್ರಿಲ್ ಮೇಷ್ಟ್ರು ಬಾಗಿಲಿಗೆ ಬಂದರು. ಅವರು ಎಂಥ ಸಮಸ್ಯೆಯನ್ನೂ ದೇಹದಿಂದಲೇ ಬಗೆಹರಿಸುವವರು.

"ಏನ್ ಮೇಷ್ಟ್ರೇ, ಚಾವಣಿ ಮೇಲೆ ಅನುಮಾನ ಅಂತೆ?"

"ಅನುಮಾನ ಅಲ್ಲ, ಒಂದು ವಾಕ್ಯ..."

"ಅನುಮಾನ ಇಟ್ಕೋಬಾರದು. ಪರೀಕ್ಷೆ ಮಾಡಿಬಿಡಬೇಕು." ಹೀಗೆಂದು ಅವರು ಮಾಯವಾದರು. ಹತ್ತು ನಿಮಿಷ ಬಿಟ್ಟು ಬೆವರು ಒರೆಸಿಕೊಳ್ಳುತ್ತಾ ಮರಳಿದರು. "ಮೇಲೆ ಹತ್ತಿ ಕುಪ್ಪಳಿಸಿ ಬಂದೆ. ಹನ್ನೆರಡು ಸಲ. ಕಲ್ಲಿನ ಹಾಗಿದೆ."

"ಏನೂ ಆಗ್ಲಿಲ್ವಾ?"

"ಏನೇನೂ ಇಲ್ಲ. ಹದಿಮೂರನೇ ಸಲ ಸ್ವಲ್ಪ ಸದ್ದು ಬಂತು. ಆಗ ನಿಲ್ಲಿಸಿದೆ."

ಮೇಷ್ಟ್ರು ಎದ್ದು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಓಡಿದರು. ಎಲ್ಲರೂ ದೊಡ್ಡ ಮೇಡಂ ಎಂದು ಕರೆಯುವ ಆಕೆ ಕನ್ನಡಿಯ ಮುಂದೆ ಸ್ವಾಗತ ಭಾಷಣ ಬಾಯಿಪಾಠ ಮಾಡುತ್ತಿದ್ದರು. ಮೇಷ್ಟ್ರು ಪುಸ್ತಕ ಬಿಡಿಸುವ ಮೊದಲೇ ಆಕೆ ಕೈಯೆತ್ತಿ ತಡೆದರು.

"ಗೊತ್ತು. ನಿಮಗೆ ಭಯ ಆಗ್ತಿದೆ. ಖಾಯಂ ಆಗೋ ದಿನ ನಂಗೂ ಹೀಗೇ ಆಗಿತ್ತು. ಕಾಲ ಕೆಳಗಿನ ನೆಲ ಕುಸಿದ ಹಾಗೆ."

"ನೆಲ ಅಲ್ಲ ಮೇಡಂ, ಚಾವಣಿ."

"ಕೆಲವರಿಗೆ ಚಾವಣಿ ಅನ್ನಿಸುತ್ತೆ. ಒಂದು ಲೋಟ ನೀರು ಕುಡೀರಿ. ಹೋಗಿ ಎರಡನೇ ಸಾಲಲ್ಲಿ ಕೂತ್ಕೊಳ್ಳಿ. ನಿಮ್ಮ ಹೆಸರು ಕರೆಯೋ ತನಕ ತುಟಿ ಎರಡು ಮಾಡಬೇಡಿ."

ಮೇಷ್ಟ್ರು ನೀರು ಕುಡಿದು ಹೊರಬಂದು ಹೆಂಡತಿಗೆ ಫೋನ್ ಮಾಡಿದರು. ಅವಳು ಹೊಲಿಗೆ ಯಂತ್ರ ತುಳಿಯುತ್ತಲೇ ಮಾತಾಡಿದಳು.

"ಚಾವಣಿ ಬೀಳುತ್ತೆ ಅಂತ ಒಬ್ಬ ಹುಡುಗಿ ಬರೆದಿದ್ದಾಳೆ ಕಣೇ."

"ಕಾಗುಣಿತ ಸರಿ ಇದ್ಯಾ?"

"ಇಲ್ಲ. ಒಂದು ತಪ್ಪಿತ್ತು."

"ಮತ್ತೆ? ನೋಡಿ, ಒಂಬತ್ತು ವರ್ಷ ನೀವು ತಡ್ಕೊಂಡಿದೀರ. ಆ ಚಾವಣಿ ಒಂದು ಗಂಟೆ ತಡ್ಕೊಳ್ಳಲ್ವಾ? ಕಾಗದ ಇಸ್ಕೊಂಡು ಸೀದಾ ಮನೆಗೆ ಬನ್ನಿ."

ಅಷ್ಟರಲ್ಲಿ ಬ್ಯಾಂಡ್ ಬಾರಿಸತೊಡಗಿತು. ಡೊಳ್ಳುಹೊಟ್ಟೆಯ ಮುಖ್ಯ ಅತಿಥಿ ಕಾರಿನಿಂದ ಕಂತುಗಳಲ್ಲಿ ಇಳಿದು, ಟೇಪು ಕತ್ತರಿಸಿ ಒಳಗೆ ಹೋದರು. ಮುನ್ನೂರು ಜನ ಮಕ್ಕಳು, ಹೆತ್ತವರು, ಶಿಕ್ಷಕರು ಹಿಂದೆಯೇ ನುಗ್ಗಿದರು. ಮೇಷ್ಟ್ರು ಆ ಹುಡುಗಿಗಾಗಿ ಕಣ್ಣಾಡಿಸಿದರು. ಅವಳು ಹೂಗುಚ್ಛ ಹಿಡಿದುಕೊಂಡು ಹೊಸಿಲಿನ ಆಚೆಯೇ ನಿಂತಿದ್ದಳು.

"ಯಾಕಮ್ಮಾ, ಒಳಗೆ ಹೋಗಲ್ವಾ?"

"ಅಪ್ಪ ಬೇಡ ಅಂದಿದ್ದಾರೆ ಸಾರ್. ಹೂ ಕೊಡೋದಿದ್ರೆ ಅತಿಥಿಗಳೇ ಹೊರಗೆ ಬಂದು ಇಸ್ಕೊಳ್ಳಲಿ ಅಂದ್ರು."

ಮೇಷ್ಟ್ರು ಒಳಗೆ ಇಣುಕಿದರು. ಗುತ್ತಿಗೆದಾರನಿಗೆಂದು ಮೊದಲ ಸಾಲಿನಲ್ಲಿ ಹಾಕಿದ್ದ ಮೆತ್ತನೆಯ ಕುರ್ಚಿ ಖಾಲಿ ಇತ್ತು. ಆತ ಅಂಗಳದ ಆ ಕೊನೆಯಲ್ಲಿ, ಮರದ ಕೆಳಗೆ ನಿಂತು ಮುಖಕ್ಕೆ ಆಮಂತ್ರಣ ಪತ್ರಿಕೆ ಬೀಸಿಕೊಳ್ಳುತ್ತಿದ್ದ.

"ಒಳಗೆ ಬನ್ನಿ, ನಿಮ್ಮನ್ನೇ ಕಾಯ್ತಿದ್ದಾರೆ" ಎಂದರು ಮೇಷ್ಟ್ರು.

"ಒಳಗೆ ಸೆಕೆ ಮೇಷ್ಟ್ರೇ."

"ಎಂಟು ಫ್ಯಾನ್ ಹಾಕಿದೀರಲ್ಲ."

"ಅದೇ ಅಂತೀನಿ. ಎಂಟೂ ಆ ಚಾವಣಿಗೇ ನೇತಾಡ್ತಿದಾವೆ." ಅಂದವನೇ ಗುತ್ತಿಗೆದಾರ ಕೆಮ್ಮಿ, "ಫ್ಯಾನ್ ಗಾಳಿ ನಂಗೆ ಆಗಲ್ಲ ಅಂದೆ" ಎಂದು ತಿದ್ದಿಕೊಂಡ.

ಮೇಷ್ಟ್ರು ಎರಡನೇ ಸಾಲಿನಲ್ಲಿ ಹೋಗಿ ಕೂತಾಗ ಮುಖ್ಯ ಅತಿಥಿ ಮಾತಾಡುತ್ತಿದ್ದರು. ಕಟ್ಟಡ ಗಟ್ಟಿಯಾಗಿರಬೇಕಾದರೆ ಅಡಿಪಾಯ ಗಟ್ಟಿಯಾಗಿರಬೇಕು ಎಂಬ ವಿಷಯವನ್ನು ಇಪ್ಪತ್ತು ನಿಮಿಷದಿಂದ ಬೇರೆ ಬೇರೆ ದಿಕ್ಕುಗಳಿಂದ ಹೇಳುತ್ತಿದ್ದರು. ಪ್ರತಿ ಸಲ ಅವರು ಮೇಜು ಗುದ್ದಿದಾಗಲೂ ಮೇಲಿನಿಂದ ಒಂದು ಚಿಟಿಕೆ ಸುಣ್ಣ ಉದುರಿ ಅವರ ಬೋಳುತಲೆಯ ಮೇಲೆ ಕೂರುತ್ತಿತ್ತು. ಮೇಷ್ಟ್ರು ಭಾಷಣ ಕೇಳಲಿಲ್ಲ, ಚಿಟಿಕೆಗಳನ್ನು ಎಣಿಸಿದರು. ಹದಿನೇಳನೆಯದು ಚಿಟಿಕೆಯಾಗಿರಲಿಲ್ಲ, ಹಿಡಿಯಾಗಿತ್ತು.

"ಈಗ, ನಮ್ಮ ಪ್ರೀತಿಯ ಭಾಷಾ ಮೇಷ್ಟ್ರು ವೇದಿಕೆಗೆ ಬರಬೇಕು" ಎಂದು, ಅತಿಥಿ ನೀರು ಕುಡಿಯಲು ಭಾಷಣ ನಿಲ್ಲಿಸಿದಾಗ, ದೊಡ್ಡ ಮೇಡಂ ಕರೆದರು.

ಕಾಲುಗಳು ಅವರನ್ನು ವೇದಿಕೆಗೆ ಹೊತ್ತೊಯ್ದವು. ದೊಡ್ಡ ಮೇಡಂ ಕೈಯಲ್ಲಿ ಉದ್ದನೆಯ ಲಕೋಟೆ. ಅದನ್ನು ತೆಗೆದುಕೊಂಡು, ಒಂದು ನಮಸ್ಕಾರ ಹಾಕಿ ಇಳಿದುಬಿಟ್ಟರೆ ಸಾಕು, ಜನ್ಮ ಸಾರ್ಥಕ. ಮೇಷ್ಟ್ರು ಲಕೋಟೆ ನೋಡಿದರು. ಮೇಲೆ ನೋಡಿದರು. ನಡುವಿನ ಫ್ಯಾನಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕೊಂದು ನಿಧಾನವಾಗಿ ಗೋಡೆಯ ಕಡೆ ಹೊರಟಿತ್ತು. ಕೆಳಗೆ ಏಳನೇ ತರಗತಿಯ ಮಕ್ಕಳು ಕೈ ಕಟ್ಟಿ ಕೂತಿದ್ದರು. ಮೇಷ್ಟ್ರು ಲಕೋಟೆ ಬಿಟ್ಟು ಮೈಕು ಹಿಡಿದರು.

ಮುಖ್ಯ ಅತಿಥಿಗಳ ಮುಂದೆ ಭಾಷೆ ಕೆಡಬಾರದು ಎಂಬ ಎಚ್ಚರ ಆಗಲೂ ಅವರನ್ನು ಬಿಡಲಿಲ್ಲ. "ಮಾನ್ಯರೇ, ಈ ಮೇಲ್ಚಾವಣಿಯು, ಅನಿರೀಕ್ಷಿತವಾಗಿ ಶಿಥಿಲಗೊಂಡು, ಸಮಗ್ರ ವಿನಾಶಕ್ಕೆ ಈಡಾಗುವ, ಸಂಭವ ಕಂಡುಬರುತ್ತಿದೆ."

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಕವನ ಎಂದುಕೊಂಡಿರಬೇಕು. ಮುಖ್ಯ ಅತಿಥಿ, "ವಾಹ್, ಇನ್ನೊಂದು ಸಲ" ಎಂದರು.

"ಅಯ್ಯೋ, ಚಾವಣಿ ಮಟಾಷ್ ಆಗುತ್ತೆ! ಎದ್ದು ಓಡ್ರೋ!" ಎಂದು ಮೇಷ್ಟ್ರು ಅರಚಿದರು.

ಈ ಪದ ಎಲ್ಲರಿಗೂ ಅರ್ಥವಾಯಿತು. ಒಂದು ನಿಮಿಷದಲ್ಲಿ ಸಭಾಂಗಣ ಬರಿದಾಯಿತು. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡಿದ್ದ ಲೆಕ್ಕದ ಮೇಷ್ಟ್ರು ಎಲ್ಲರಿಗಿಂತ ಮೊದಲು ಗೇಟಿನಲ್ಲಿದ್ದರು. ಮುಖ್ಯ ಅತಿಥಿಯ ಒಂದು ಚಪ್ಪಲಿ ಒಳಗೆ ಉಳಿಯಿತು. ಡ್ರಿಲ್ ಮೇಷ್ಟ್ರು ಪೀಪಿ ಊದಿ ಎಲ್ಲರನ್ನೂ ಅಂಗಳದಲ್ಲಿ ಸಾಲು ನಿಲ್ಲಿಸಿ ತಲೆ ಎಣಿಸಿದರು. ಒಬ್ಬರೂ ಕಮ್ಮಿ ಇರಲಿಲ್ಲ.

ಎಲ್ಲರೂ ಚಾವಣಿಯನ್ನು ನೋಡುತ್ತಾ ನಿಂತರು. ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಚಾವಣಿ, ಮಾವನ ಮನೆಯಲ್ಲಿ ಊಟಕ್ಕೆ ಕೂತ ಹೊಸ ಅಳಿಯನ ಹಾಗೆ, ಮೈ ಅಲುಗಿಸದೆ ಗಂಭೀರವಾಗಿತ್ತು. ಒಂದು ಕಾಗೆ ಬಂದು ಅದರ ಮೇಲೆ ಕೂತು, ಆ ಕಡೆ ಈ ಕಡೆ ನೋಡಿ ಹಾರಿಹೋಯಿತು. ಆಮೇಲೆ ಒಬ್ಬೊಬ್ಬರಾಗಿ ಜನ ಚಾವಣಿಯನ್ನು ಬಿಟ್ಟು ಮೇಷ್ಟ್ರನ್ನು ನೋಡತೊಡಗಿದರು.

ಗುತ್ತಿಗೆದಾರನಿಗೆ ಧೈರ್ಯ ಮರಳಿತು. ಮರದ ಕೆಳಗಿನಿಂದ ದಾಪುಗಾಲು ಹಾಕಿ ಬಂದ. "ಏನ್ರೀ ಇದು? ಮೂವತ್ತು ವರ್ಷದ ಹೆಸರು ನಂದು! ತುಂಬಿದ ಸಭೇಲಿ ಮಾನ ಕಳೆದ್ರಲ್ಲ!"

"ನಿಮ್ಮ ಮಗಳ ಪುಸ್ತಕದಲ್ಲಿ..."

"ಅವಳಿಗೆ ಭಾಷೇಲಿ ನೀವು ಕೊಟ್ಟಿರೋ ಮಾರ್ಕು ಎಷ್ಟು? ಮೂವತ್ತೆಂಟು! ಅವಳ ಮಾತು ನಂಬ್ತೀರಾ?"

ಮುಖ್ಯ ಅತಿಥಿ ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ಬಂದರು. "ನನ್ನ ಭಾಷಣ ಇನ್ನೂ ಅರ್ಧ ಇದೆ. ಆದರೆ ಈ ಚಾವಣಿ ಗಟ್ಟಿ ಅಂತ ಯಾರಾದ್ರೂ ಬರೆದುಕೊಡೋ ತನಕ ನಾನು ಒಳಗೆ ಕಾಲಿಡಲ್ಲ."

"ಬೀಳುತ್ತೆ ಅಂದೋರೇ ಬರೆದುಕೊಡಲಿ" ಎಂದ ಗುತ್ತಿಗೆದಾರ.

"ನಾನು ಇಂಜಿನಿಯರ್ ಅಲ್ಲ" ಎಂದರು ಮೇಷ್ಟ್ರು.

"ಬೀಳುತ್ತೆ ಅನ್ನುವಾಗ ಇಂಜಿನಿಯರ್ ಆಗಿದ್ರಾ?" ದೊಡ್ಡ ಮೇಡಂ ಧ್ವನಿ ಶಾಂತವಾಗಿತ್ತು, ಅದೇ ಭಯ ಹುಟ್ಟಿಸುವಂತಿತ್ತು. ಅವರು ಲಕೋಟೆಯನ್ನು ಎತ್ತಿ ಹಿಡಿದರು. "ಶಾಲೆಯ ಕಾಗದ ಎಲ್ಲ ಬರೆಯೋರು ನೀವೇ ತಾನೆ? ಇದನ್ನೂ ಬರೀರಿ. ಆ ಕಡೆಯಿಂದ ಅದನ್ನ ಕೊಡಿ, ಈ ಕಡೆಯಿಂದ ಇದನ್ನ ತಗೊಳ್ಳಿ. ಇಲ್ಲ ಅಂದ್ರೆ ಸೋಮವಾರ ಬೇರೆ ಮೇಷ್ಟ್ರನ್ನ ಹುಡುಕ್ತೀನಿ."

ಮೇಷ್ಟ್ರು ಚಾವಣಿಯನ್ನು ಮತ್ತೊಮ್ಮೆ ನೋಡಿದರು. ಗಟ್ಟಿಯಾಗಿಯೇ ಕಂಡಿತು. ತಮ್ಮ ಕಣ್ಣಿಗೆ ಬಿದ್ದದ್ದು ಬಿರುಕೋ ಜೇಡರ ಬಲೆಯೋ ಎಂದು ಅನುಮಾನ ಬಂತು. ಎರಡು ಸಲ ಇಸ್ತ್ರಿ ಹಾಕಿದ ಹೆಂಡತಿಯ ಮುಖ ನೆನಪಾಯಿತು. ಡ್ರಿಲ್ ಮೇಷ್ಟ್ರು ಬಗ್ಗಿ ಬೆನ್ನು ಕೊಟ್ಟರು. ಅದರ ಮೇಲೆ ಕಾಗದ ಹರಡಿ ಮೇಷ್ಟ್ರು ಪೆನ್ನು ತೆಗೆದರು.

"ಚಾವಣಿ ಚೆನ್ನಾಗಿದೆ ಅಂತ ಬರೀರಿ, ಸಾಕು" ಎಂದ ಗುತ್ತಿಗೆದಾರ.

ಅಷ್ಟೇ ಬರೆದಿದ್ದರೆ ಚೆನ್ನಾಗಿತ್ತು. ಆದರೆ 'ಚೆನ್ನಾಗಿದೆ' ಎಂಬುದು ಚಹಾಕ್ಕೆ ಹೇಳುವ ಮಾತು, ಚಾವಣಿಗೆ ಹೇಳುವುದಲ್ಲ. ಮೇಷ್ಟ್ರ ಕೈಗೆ ತಾನಾಗಿಯೇ ಹುರುಪು ಬಂತು. 'ಸದರಿ ಸಭಾಂಗಣದ ಮೇಲ್ಚಾವಣಿಯು ಅತ್ಯಂತ ಸುಭದ್ರವೂ ಚಿರಕಾಲ ಬಾಳತಕ್ಕದ್ದೂ ಆಗಿರುವುದನ್ನು ನಾನು ಖುದ್ದಾಗಿ, ಕೂಲಂಕಷವಾಗಿ ಪರಿಶೀಲಿಸಿ, ನನ್ನ ಸಂಪೂರ್ಣ ಹೊಣೆಯ ಮೇಲೆ ದೃಢೀಕರಿಸುತ್ತೇನೆ.' ತಾರೀಖು ಇಲ್ಲದ ಕಾಗದ ಕಾಗದವೇ ಅಲ್ಲವಾದ್ದರಿಂದ ತಾರೀಖು ಹಾಕಿದರು. ಗಡಿಯಾರ ನೋಡಿ ಹೊತ್ತನ್ನೂ ಬರೆದರು: ಹನ್ನೊಂದು ನಲವತ್ತು. ಸಹಿ ಮಾಡಿದರು.

ಗುತ್ತಿಗೆದಾರ ಓದಿ, ಇಷ್ಟು ಚೆಂದದ ಕಾಗದ ತನ್ನ ಜೀವಮಾನದಲ್ಲಿ ಯಾರೂ ಬರೆದುಕೊಟ್ಟಿಲ್ಲ ಎನ್ನುವಂತೆ ನಾಲ್ಕಾಗಿ ಮಡಿಚಿ ಎದೆಯ ಜೇಬಿಗೆ ಇಳಿಸಿದ. ದೊಡ್ಡ ಮೇಡಂ ಆದೇಶದ ಮೇಲೂ ಅದೇ ಹೊತ್ತು ಬರೆದು, ಲಕೋಟೆ ಕೊಟ್ಟು ಕೈಕುಲುಕಿದರು. ಮುಖ್ಯ ಅತಿಥಿ ಭಾಷಣದ ಹಾಳೆಗಳನ್ನು ಜೋಡಿಸಿಕೊಂಡು ಬಾಗಿಲಿನ ಕಡೆ ಮೊದಲ ಹೆಜ್ಜೆ ಎತ್ತಿದರು.

ಆ ಹೆಜ್ಜೆ ನೆಲ ಮುಟ್ಟುವ ಮೊದಲು ಚಾವಣಿ ಬಿತ್ತು.

ಮುನ್ಸೂಚನೆಯಿಲ್ಲ, ನರಳಾಟವಿಲ್ಲ. ಎಂಟು ಫ್ಯಾನುಗಳ ಸಮೇತ, ಒಂದೇ ಸಲಕ್ಕೆ, ಇಡೀ ಚಾವಣಿ ಸಭಾಂಗಣದೊಳಗೆ ಕೂತುಬಿಟ್ಟಿತು. ನಾಲ್ಕು ಗೋಡೆಗಳು ಮಾತ್ರ ಏನಾಯಿತೆಂದು ತಿಳಿಯದವರಂತೆ ನಿಂತಿದ್ದವು. ಧೂಳು ಎದ್ದು ಎಲ್ಲರೂ ಬೆಳ್ಳಗಾದರು.

ಧೂಳು ಇಳಿದ ಮೇಲೆ ಒಬ್ಬ ತಾಯಿ ಅಳುತ್ತಾ ಬಂದು ಮೇಷ್ಟ್ರ ಕೈ ಹಿಡಿದಳು. "ಮುನ್ನೂರು ಜೀವ ಉಳಿಸಿದ್ರಿ ಸಾರ್!" ಡ್ರಿಲ್ ಮೇಷ್ಟ್ರು ಅವರನ್ನು ಸೊಂಟಕ್ಕೆ ಕೈಹಾಕಿ ಮೇಲಕ್ಕೆತ್ತಿದರು. ಮಕ್ಕಳು ಜೈಕಾರ ಹಾಕಿದರು. ಮೇಲಿನಿಂದ ಮೇಷ್ಟ್ರಿಗೆ ಜಗತ್ತು ಬಹಳ ಸುಂದರವಾಗಿ ಕಂಡಿತು.

"ಇದಕ್ಕೆ ಹೊಣೆ ಯಾರು?" ಮುಖ್ಯ ಅತಿಥಿ ಬಿಳಿ ಹುಬ್ಬು ಗಂಟಿಕ್ಕಿ ಗುತ್ತಿಗೆದಾರನ ಕಡೆ ತಿರುಗಿದರು.

ಗುತ್ತಿಗೆದಾರ ಎದೆಯ ಜೇಬಿನಿಂದ ಕಾಗದ ತೆಗೆದು, ನಾಲ್ಕು ಮಡಿಕೆ ಬಿಡಿಸಿ, ಅತಿಥಿಯ ಕೈಗಿಟ್ಟ. ಅತಿಥಿ ಗಟ್ಟಿಯಾಗಿ ಓದಿದರು. 'ನನ್ನ ಸಂಪೂರ್ಣ ಹೊಣೆಯ ಮೇಲೆ' ಎಂಬಲ್ಲಿಗೆ ಬಂದಾಗ ಡ್ರಿಲ್ ಮೇಷ್ಟ್ರು ಭಾಷಾ ಮೇಷ್ಟ್ರನ್ನು ಮೆಲ್ಲಗೆ ಕೆಳಗಿಳಿಸಿದರು.

"ಬೇರೆ ಯಾರ ಸಹಿಯೂ ಇಲ್ವಾ?" ಎಂದು ಅತಿಥಿ ಕೇಳಿದರು.

ದೊಡ್ಡ ಮೇಡಂ ಮುಖದ ಧೂಳಿನ ಕೆಳಗೆ ಇನ್ನೂ ಬೆಳ್ಳಗಾದರು. ಮೂರು ತಿಂಗಳಿಂದ ಒಬ್ಬ ಇಂಜಿನಿಯರೂ ಸಹಿ ಹಾಕಲು ಒಪ್ಪಿರಲಿಲ್ಲ. "ಇಲ್ಲ. ಇವರದೊಂದೇ."

ಸಂಜೆ ಆರಕ್ಕೆ ಡ್ರಿಲ್ ಮೇಷ್ಟ್ರು ಭಾಷಾ ಮೇಷ್ಟ್ರ ಮನೆಗೆ ಇನ್ನೊಂದು ಲಕೋಟೆ ತಂದುಕೊಟ್ಟರು. ಒಳಗೆ ಎರಡು ಪ್ರಶ್ನೆಗಳಿದ್ದವು. ಚಾವಣಿ ಬೀಳುತ್ತದೆಂದು ತಿಳಿದಿದ್ದರೆ ಗಟ್ಟಿ ಎಂದು ಏಕೆ ಬರೆದುಕೊಟ್ಟಿರಿ? ತಿಳಿದಿರದಿದ್ದರೆ ಬೀಳುತ್ತದೆಂದು ಏಕೆ ಕೂಗಿದಿರಿ? ಚಾವಣಿ ಬಿದ್ದ ಹೊತ್ತಿನಿಂದ ಉತ್ತರ ಬರುವವರೆಗೆ ತಮ್ಮನ್ನು ಕೆಲಸದಿಂದ ಅಮಾನತಿನಲ್ಲಿಡಲಾಗಿದೆ.

"ಕುಪ್ಪಳಿಸಿದವನು ನಾನು" ಎಂದರು ಡ್ರಿಲ್ ಮೇಷ್ಟ್ರು, ಚಪ್ಪಲಿ ನೋಡುತ್ತಾ. "ನಾನೇ ಹೋಗಿ ಒಪ್ಪಿಕೊಂಡೆ ಮೇಷ್ಟ್ರೇ. ಆದರೆ ನಾನು ಇನ್ನೂ ತಾತ್ಕಾಲಿಕ ಅಲ್ವಾ. ತಾತ್ಕಾಲಿಕದವರನ್ನ ಅಮಾನತು ಮಾಡೋಕೆ ನಿಯಮದಲ್ಲಿ ಜಾಗ ಇಲ್ವಂತೆ. ಮೇಡಂ ಪುಸ್ತಕ ಎಲ್ಲ ತೆಗೆದು ನೋಡಿದ್ರು. ಅದಕ್ಕೆ ಖಾಯಂ ಆದವರೇ ಬೇಕಂತೆ."

ಅವರು ಹೋದ ಮೇಲೆ ಹೆಂಡತಿ ಹೊಲಿಗೆ ಯಂತ್ರದ ಮೇಲೆ ಎರಡೂ ಕಾಗದಗಳನ್ನು ಅಕ್ಕಪಕ್ಕ ಹರಡಿಕೊಂಡು ಓದಿದಳು. ಬೆರಳಿಟ್ಟು ಇನ್ನೊಮ್ಮೆ ಓದಿದಳು.

"ಖಾಯಂ ಆಗಿದ್ದು ಹನ್ನೊಂದು ನಲವತ್ತಕ್ಕೆ."

"ಹೂಂ."

"ಅಮಾನತು ಹನ್ನೊಂದು ನಲವತ್ತೆರಡರಿಂದ."

"ಹೂಂ."

"ಒಂಬತ್ತು ವರ್ಷ ಕಾದು ಸಿಕ್ಕಿದ್ದು ಎರಡು ನಿಮಿಷ. ಆ ಎರಡು ನಿಮಿಷ ಏನು ಮಾಡ್ತಿದ್ರಿ?"

ಮೇಷ್ಟ್ರು ಪ್ರಾಮಾಣಿಕವಾಗಿ ಯೋಚಿಸಿದರು.

"ಪೆನ್ನಿನ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು" ಎಂದರು. "ಹುಡುಕ್ತಿದ್ದೆ."